ಗಿಡದ ಹತ್ತಿರಕ್ಕೇ ಕರೆದೊಯ್ದ ಪ್ರಾಧ್ಯಾಪಕ: ಬಿ.ಜಿ.ಎಲ್. ಸ್ವಾಮಿ

ಸುವರ್ಣ ಮಹೋತ್ಸವದ ನೆನಪಿಗೆ ನಮ್ಮ ಕಾರಟಗಿಯಲ್ಲಿ ಜೀವಶಾಸ್ತ್ರ ಶಿಕ್ಷಕರಿಗಾಗಿ ಒಂದು ಕಾರ್ಯಾಗಾರ ನಡೆಸೋಣ ಎಂಬ ಮಾತು ಹಳೆಯ ವಿದ್ಯಾರ್ಥಿಗಳ ನಡುವೆ ಬಂತು. ಪ್ರೊಜೆಕ್ಟರ್ ನಾನು ಕೊಡಿಸುತ್ತೇನೆ ಎಂದೆ. ಸಾಫ್ಟ್‌ವೇರ್‌ನವನಿಗೆ ಬೇರೇನು ಹೊಳೆದೀತು! ಆಮೇಲೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಿದೆ.

ಸ್ವಾಮಿಯವರು ಹುಟ್ಟಿದ್ದು 1918ರ ಫೆಬ್ರವರಿ 5ರಂದು. ತಂದೆ ಕಗ್ಗದ ಕವಿ ಡಿ.ವಿ. ಗುಂಡಪ್ಪನವರು. ಮಗ ಹಿಡಿದದ್ದು ಸಸ್ಯಶಾಸ್ತ್ರದ ದಾರಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಆರ್ಕಿಡ್ ಜಾತಿಯ ಗಿಡಗಳಲ್ಲಿ ಭ್ರೂಣ ಹೇಗೆ ಬೆಳೆಯುತ್ತದೆ ಎಂಬುದರ ಸಂಶೋಧನೆಗೆ ಇಳಿದರು. ಅದು ಬಹಳ ತಾಳ್ಮೆಯ ಕೆಲಸ. ಹೂವಿನ ಭಾಗಗಳನ್ನು ಕೂದಲಿಗಿಂತ ತೆಳುವಾಗಿ ಕೊಯ್ದು, ಬಣ್ಣ ಕಟ್ಟಿ, ಸೂಕ್ಷ್ಮದರ್ಶಕದಡಿ ಒಂದೊಂದನ್ನೇ ನೋಡುತ್ತ ಹೋಗಬೇಕು.

ಮುಂದೆ ಅಮೆರಿಕದ ಹಾರ್ವರ್ಡ್‌ಗೆ ಹೋಗಿ ಪ್ರೊ. ಬೇಯ್ಲಿಯವರ ಜೊತೆ ದುಡಿದರು. ಹೂ ಬಿಡುವ ಬಹುತೇಕ ಗಿಡಗಳ ಕಾಂಡದಲ್ಲಿ ನೀರು ಏರಲು ಸಣ್ಣ ಕೊಳವೆಗಳಿರುತ್ತವೆ. ಸರ್ಕ್ಯಾಂಡ್ರ ಎಂಬ ಗಿಡದಲ್ಲಿ ಅವು ಕಾಣಲಿಲ್ಲವೆಂದು ಇಬ್ಬರೂ 1950ರಲ್ಲಿ ವರದಿ ಮಾಡಿದರು. ಅದರ ಒಂದು ಪ್ರಭೇದಕ್ಕೆ ಸ್ವಾಮಿಯವರು ಗುರುವಿನ ಹೆಸರನ್ನೇ ಇಟ್ಟರು.

ಊರಿಗೆ ಮರಳಿದ ಮೇಲೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು, ಪ್ರಾಂಶುಪಾಲರೂ ಆದರು. ಇಷ್ಟು ದೊಡ್ಡ ವಿದ್ವಾಂಸರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತುತ್ತಿದ್ದರು! ಗಿಡದ ಶಾಸ್ತ್ರೀಯ ಹೆಸರು ಹೇಳಿ ಅಲ್ಲಿಗೇ ಬಿಡುವವರಲ್ಲ. ಜನ ಅದನ್ನು ಏನೆಂದು ಕರೆಯುತ್ತಾರೆ, ಯಾವುದಕ್ಕೆ ಬಳಸುತ್ತಾರೆ, ಅದರ ಹಿಂದಿನ ಕತೆಯೇನು, ಎಲ್ಲವೂ ಬೇಕು. ಜೊತೆಗೆ ಹುಡುಗರ ಪೇಚಾಟ, ತಮಾಷೆ. ಆ ಪ್ರವಾಸಗಳ ಕಥನವೇ ‘ಹಸುರು ಹೊನ್ನು’. ಅದರ ಚಿತ್ರಗಳನ್ನು ಬಿಡಿಸಿದವರೂ ಅವರೇ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಅವರ ಇನ್ನೊಂದು ಪುಸ್ತಕ. ಮಂಡಾಳು ಒಗ್ಗರಣೆ ನಮ್ಮ ಭತ್ತದ್ದೇ ಸರಿ, ಆದರೆ ಪಕ್ಕದ ಮಿರ್ಚಿಯ ಮೆಣಸಿನಕಾಯಿ ಸಮುದ್ರ ದಾಟಿ ಬಂದದ್ದು. ಶೇಂಗಾ ಕೂಡ. ಎಂಟನೇ ತರಗತಿಯ ಹುಡುಗರಿಗೆ ಇದಕ್ಕಿಂತ ರುಚಿಯಾದ ಪಾಠ ಬೇಕೆ?

1980ರ ನವೆಂಬರ್ 2ರಂದು ಸ್ವಾಮಿಯವರು ತೀರಿಕೊಂಡರು.

ನನ್ನದೊಂದು ಸಂಕೋಚದ ಮಾತು. ಗದ್ದೆಯಲ್ಲಿ ಕಸ ತೆಗೆಯುವ ನಮ್ಮವ್ವನಿಗೆ ಅಲ್ಲಿನ ಒಂದೊಂದು ಗಿಡದ ಹೆಸರೂ ಗೊತ್ತು. ವಿಜ್ಞಾನದಲ್ಲಿ ಒಳ್ಳೆಯ ಅಂಕ ತೆಗೆದ ನನಗೆ ಹೊನಗೊನೆ ಸೊಪ್ಪು ಬಿಟ್ಟರೆ ಒಂದೂ ಗೊತ್ತಿಲ್ಲ. ಆದ್ದರಿಂದ ಕಾರ್ಯಾಗಾರದ ಮೊದಲ ದಿನ ಶಿಕ್ಷಕರು ಎಡದಂಡೆ ಕಾಲುವೆಯ ಬದಿಗೆ, ಗದ್ದೆ ಬದುವಿಗೆ ಹೋಗಲಿ. ಹೆಸರು ಹೇಳಲು ನಮ್ಮವ್ವನಂಥ ನಾಲ್ಕು ಮಂದಿಯನ್ನು ಕರೆಯೋಣ. ಇಪ್ಪತ್ತು ಭೂತಗನ್ನಡಿ, ಬ್ಲೇಡು, ಗಿಡ ಒತ್ತಿಡಲು ಹಳೆಯ ಪತ್ರಿಕೆ, ಈ ಖರ್ಚು ನನ್ನದು. ಕಾಲುವೆಗೆ ನೀರು ಬಿಟ್ಟ ಮೇಲೆ, ಕಸ ತೆಗೆಯುವ ಹೊತ್ತಿಗೆ ದಿನಾಂಕ ಇಟ್ಟುಕೊಂಡರೆ ಒಳ್ಳೆಯದು.