ನಡಿಕೇರಿಯಂಡ ಚಿಣ್ಣಪ್ಪ: ಹಾಡು ಕೂಡಿಸಿದವರ ಹಕ್ಕು ಎಲ್ಲಿಯವರೆಗೆ?

ಹಳೆಯ ಹಾಡಿನ ಪುಸ್ತಕಗಳನ್ನೂ ಸ್ವರಲಿಪಿಯ ಹಾಳೆಗಳನ್ನೂ ಸ್ಕ್ಯಾನ್ ಮಾಡಿ ಇಂಟರ್‌ನೆಟ್‌ನಲ್ಲಿ ಹಂಚಿಕೊಳ್ಳುವುದು ನಮ್ಮ ಧರ್ಮಕೇಂದ್ರಗಳ ಗಾಯನ ಮಂಡಳಿಗಳಲ್ಲೂ ರೂಢಿಯಾಗಿದೆ. ಹಳೆಯದಾದರೆ ಯಾರ ಅಪ್ಪಣೆಯೂ ಬೇಡ ಎಂಬುದು ಹಲವರ ನಂಬಿಕೆ. ಇದು ಎಷ್ಟರಮಟ್ಟಿಗೆ ಸರಿ ಎಂದು ತಿಳಿಯಲು ನೆರೆಯ ಕೊಡಗಿನ ನಡಿಕೇರಿಯಂಡ ಚಿಣ್ಣಪ್ಪನವರನ್ನು ಇಲ್ಲಿ ನೆನೆಯುತ್ತಿದ್ದೇವೆ.

ಚಿಣ್ಣಪ್ಪನವರು ಜನಿಸಿದ್ದು 1875ರಲ್ಲಿ. ಕೊಡಗು ಆಗ ಬ್ರಿಟಿಷರ ಆಡಳಿತದಲ್ಲಿದ್ದ ಪ್ರತ್ಯೇಕ ಪ್ರಾಂತ. ಅವರು ಶಾಲಾ ಶಿಕ್ಷಕರಾಗಿದ್ದರು, ಪೊಲೀಸ್ ಅಧಿಕಾರಿಯಾಗಿಯೂ ಸೇವೆ ಸಲ್ಲಿಸಿದರು. ಇಂದಿಗೂ ಅವರ ಹೆಸರು ಉಳಿದಿರುವುದು ನೌಕರಿಯಿಂದಲ್ಲ, ಕೊಡವರ ಬಾಯಲ್ಲಿದ್ದ ಹಾಡುಗಳನ್ನು ಕಾಗದಕ್ಕೆ ಇಳಿಸಿದ್ದರಿಂದ. ಪುತ್ತರಿ ಹಬ್ಬಕ್ಕೆ, ಮದುವೆಗೆ, ಸಾವಿನ ಮನೆಗೆ ಬೇರೆ ಬೇರೆ ಹಾಡುಗಳಿವೆ. ನಾಲ್ವರು ಗಂಡಸರು ದುಡಿ ಬಾರಿಸುತ್ತಾ, ಇಬ್ಬಿಬ್ಬರಾಗಿ ಸಾಲುಗಳನ್ನು ಎತ್ತಿಕೊಂಡು ಹಾಡುತ್ತಾರೆ. ಹಿರಿಯರು ಹಾಡಿದ್ದನ್ನು ಕಿರಿಯರು ಕೇಳಿಯೇ ಕಲಿಯಬೇಕಿತ್ತು. ಹಾಡುಗಾರರು ತೀರಿಹೋದರೆ ಹಾಡೂ ಅವರೊಂದಿಗೇ ಹೋಗುವ ಸ್ಥಿತಿ.

ಚಿಣ್ಣಪ್ಪನವರು ಈ ಹಾಡುಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡರು. ಜೊತೆಗೆ ಕೊಡವರ ಆಚಾರ, ಹಬ್ಬ, ಕಟ್ಟುಪಾಡುಗಳ ವಿವರವನ್ನೂ ಸೇರಿಸಿ 1924ರಲ್ಲಿ 'ಪಟ್ಟೋಲೆ ಪಳಮೆ'ಯನ್ನು ಪ್ರಕಟಿಸಿದರು. ಪುಸ್ತಕದ ಹೆಚ್ಚಿನ ಭಾಗ ಹಾಡುಗಳೇ. ಭಾರತೀಯನೊಬ್ಬ ತನ್ನ ಜನರ ಜಾನಪದವನ್ನು ಇಷ್ಟು ವಿಸ್ತಾರವಾಗಿ ಸಂಗ್ರಹಿಸಿದ ಮೊದಲ ಪುಸ್ತಕಗಳ ಸಾಲಿಗೆ ಇದು ಸೇರುತ್ತದೆ. ಮುಂದೆ 1930ರ ದಶಕದಲ್ಲಿ ಕೊಡವ ಭಾಷೆಯ ಅಧ್ಯಯನ ನಡೆಸಿದ ಎಮೆನೋ ಅವರಂಥ ವಿದ್ವಾಂಸರೂ ಇದನ್ನು ಬಹಳವಾಗಿ ಮೆಚ್ಚಿಕೊಂಡರು. 1929ರಲ್ಲಿ ಭಗವದ್ಗೀತೆಯನ್ನು 'ಭಗವಂತಂಡ ಪಾಟ್' ಎಂಬ ಹೆಸರಿನಲ್ಲಿ ಕೊಡವ ಭಾಷೆಗೆ ತಂದ ಚಿಣ್ಣಪ್ಪನವರು 1931ರಲ್ಲಿ ನಿಧನರಾದರು.

ಈಗ ಹಕ್ಕಿನ ವಿಚಾರ. ಕರ್ತೃ ಯಾರೆಂದೇ ಗೊತ್ತಿಲ್ಲದ, ತಲೆಮಾರುಗಳಿಂದ ಬಂದ ಹಾಡು ಒಬ್ಬರ ಸ್ವತ್ತಲ್ಲ. ಆದರೆ ಅದನ್ನು ಆರಿಸಿ, ಜೋಡಿಸಿ, ವಿವರಣೆ ಬರೆದವರ ದುಡಿಮೆಗೆ ಕಾನೂನು ರಕ್ಷಣೆ ಕೊಡುತ್ತದೆ. 1957ರ ಕಾಪಿರೈಟ್ ಕಾಯ್ದೆ ಮೊದಲಿಗೆ ಕರ್ತೃವಿನ ಮರಣದ ನಂತರ 50 ವರ್ಷಗಳ ಅವಧಿ ಇಟ್ಟಿತ್ತು. ಎಣಿಕೆ ಮರಣದ ಮರುವರ್ಷದ ಜನವರಿಯಿಂದ. ಆ ಪ್ರಕಾರ ಚಿಣ್ಣಪ್ಪನವರ ಬರಹಗಳ ಹಕ್ಕು 1981ರ ಕೊನೆಗೆ ಮುಗಿಯಿತು. 1992ರಲ್ಲಿ ಅವಧಿಯನ್ನು 60 ವರ್ಷಕ್ಕೆ ಏರಿಸಿದ್ದು ಆಗ ಇನ್ನೂ ಜೀವಂತವಿದ್ದ ಹಕ್ಕುಗಳಿಗೆ ಮಾತ್ರ, ಮುಗಿದುಹೋದದ್ದು ಮರಳಿ ಹುಟ್ಟಲಿಲ್ಲ. ಹೀಗಾಗಿ 1924ರ ಪುಸ್ತಕವನ್ನು ಸ್ಕ್ಯಾನ್ ಮಾಡಿ ಹಂಚಲು ಅಡ್ಡಿಯಿಲ್ಲ.

ಹಲವರು ಎಡವುವುದು ಇದರ ನಂತರ. ಚಿಣ್ಣಪ್ಪನವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ಅವರು ಪಟ್ಟೋಲೆ ಪಳಮೆಯನ್ನು ಇಂಗ್ಲಿಷಿಗೆ ಅನುವಾದಿಸಿದ್ದು, ಅದು 2003ರಲ್ಲಿ ಪ್ರಕಟವಾಯಿತು. ಮೂಲ ಮುಕ್ತವಾಗಿದ್ದರೂ ಅನುವಾದ ಹೊಸ ಕೃತಿ. ಅದಕ್ಕೆ ಪ್ರತ್ಯೇಕ ಹಕ್ಕಿದೆ. ಇತ್ತೀಚಿನ ಆವೃತ್ತಿಗೆ ಬೇರೆಯವರು ಬರೆದ ಮುನ್ನುಡಿ, ಟಿಪ್ಪಣಿಗಳಿಗೂ ಹಾಗೆಯೇ. ಅದೇ ಹಾಡನ್ನು ಯಾರಾದರೂ ಹಾಡಿ ಸಿ.ಡಿ. ತಂದರೆ ಆ ಧ್ವನಿಮುದ್ರಣಕ್ಕೆ ಪ್ರಕಟವಾದ ಮರುವರ್ಷದಿಂದ 60 ವರ್ಷ, ಹಾಡಿದವರ ಹಕ್ಕಿಗೆ 50 ವರ್ಷ. ದುಡಿ ಹಿಡಿದು ಹಾಡಿದ ಹಳ್ಳಿಯ ಹಿರಿಯರಿಗೂ ಈ ಹಕ್ಕುಂಟು ಎಂಬುದು ಅವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ, ಇದು ನಮಗೆ ಬೇಸರದ ಸಂಗತಿ.

ನಮ್ಮ ಗಾಯನ ಮಂಡಳಿಗಳಿಗೂ ಇದೇ ಲೆಕ್ಕ. ನಿಜವಾದ ಧಾರ್ಮಿಕ ವಿಧಿಯಲ್ಲಿ ಹಾಡುವುದಕ್ಕೆ, ಮದುವೆಯ ಸಮಾರಂಭಕ್ಕೂ ಸೇರಿ, ಕಾಯ್ದೆಯ 52ನೇ ಕಲಮು ವಿನಾಯಿತಿ ನೀಡಿದೆ. ಆದರೆ ಆ ವಿನಾಯಿತಿ ಹಾಡುವುದಕ್ಕೆ. ಸ್ವರಲಿಪಿಯ ಪುಸ್ತಕವನ್ನು ಜೆರಾಕ್ಸ್ ಮಾಡಿ ಹಂಚುವುದಕ್ಕೆ ಅಲ್ಲ. ಇನ್ನೂರು ವರ್ಷ ಹಳೆಯ ರಾಗವಾದರೂ ಅದಕ್ಕೆ ಇತ್ತೀಚೆಗೆ ಹೊಸ ಸ್ವರಸಂಯೋಜನೆ ಮಾಡಿದವರಿದ್ದರೆ ಅವರ ಅಪ್ಪಣೆ ಬೇಕು. ಹಂಚುವ ಮುನ್ನ ಪುಸ್ತಕದ ಮೊದಲ ಪುಟದಲ್ಲಿ ಆವೃತ್ತಿಯ ವರ್ಷವನ್ನೂ ಸಂಪಾದಕರ ಹೆಸರನ್ನೂ ನೋಡಿಕೊಳ್ಳಿ. ಮೂಲ ಪಟ್ಟೋಲೆ ಪಳಮೆಯ ಪುಟಗಳನ್ನು ಹಂಚುವವರು ಚಿಣ್ಣಪ್ಪನವರ ಹೆಸರನ್ನು ಕತ್ತರಿಸದೆ ಹಾಗೆಯೇ ಉಳಿಸಬೇಕೆಂದು ನಮ್ಮ ವಿನಂತಿ.