ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೊಪ್ಪಯ್ಯ ದೇವಯ್ಯ

ಇಟ್ಟಂಗಿಹಾಳದ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಓದಿದ್ದನ್ನು ರಾತ್ರಿ ಅವ್ವನಿಗೆ ಹೇಳುವುದು ನನ್ನ ರೂಢಿ. ದೇವಯ್ಯನವರ ಚರಿತ್ರೆಯನ್ನು ಹೇಳಿದಾಗ, ಅಷ್ಟು ವರ್ಷ ಆ ಮನೆಯವರು ಏನೆಂದುಕೊಂಡು ದಿನ ಕಳೆದರೆಂದು ಅವಳು ಕೇಳಿದಳು. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ದೇವಯ್ಯನವರು 1932ರ ಡಿಸೆಂಬರ್ 24ರಂದು ಕೊಡಗಿನಲ್ಲಿ ಜನಿಸಿದರು. 1954ರಲ್ಲಿ ಭಾರತೀಯ ವಾಯುಸೇನೆಯನ್ನು ಸೇರಿ, ಮುಂದೆ ಎಳೆಯ ವೈಮಾನಿಕರಿಗೆ ಹಾರಾಟ ಕಲಿಸುವ ಶಿಕ್ಷಕರಾದರು. 1965ರಲ್ಲಿ ಪಾಕಿಸ್ತಾನದೊಡನೆ ಯುದ್ಧವಾದಾಗ ವಾಯುಸೇನೆಯ 1ನೆಯ ಸ್ಕ್ವಾಡ್ರನ್ನಿನಲ್ಲಿದ್ದರು.

ಆ ವರ್ಷದ ಸೆಪ್ಟೆಂಬರ್ 7ರಂದು, ಬೆಳಕು ಹರಿಯುವ ಮುನ್ನ, ಪಂಜಾಬದ ಆದಮ್‌ಪುರದಿಂದ ಈ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಸರ್ಗೋಧಾ ವಿಮಾನನೆಲೆಯ ಮೇಲಿನ ದಾಳಿಗೆ ಕತ್ತಲಲ್ಲೇ ಹೊರಟವು. ದಾಳಿಗೆ ಗೊತ್ತುಮಾಡಿದ್ದು 12 ವಿಮಾನ. ದೇವಯ್ಯನವರು, ಯಾರಿಗಾದರೂ ಅಡಚಣೆಯಾದರೆ ಇರಲೆಂದು ಕಾದಿರಿಸಿದವರು. ಆದರೂ ದಾಳಿಯಲ್ಲಿ ಕೂಡಿಕೊಂಡರು. ಗುರಿ ದೂರದ್ದು, ಇಂಧನವಾದರೋ ಹೋಗಿಬರಲು ಸಾಲುವಷ್ಟೇ. ಅಂತಹ ಸ್ಥಿತಿಯಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವೊಂದು ಅವರ ಮೇಲೆರಗಿತು. ಅದು ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲದ್ದು. ಮಿಸ್ಟೇರಿಗೆ ಅದರ ಅರ್ಧ ವೇಗವೂ ಇರಲಿಲ್ಲ. ಪೆಟ್ಟು ತಿಂದ ವಿಮಾನದಲ್ಲೇ ದೇವಯ್ಯನವರು ತಿರುಗಿ ನಿಂತು ಕಾದಿದರು. ಸ್ಟಾರ್‌ಫೈಟರ್ ಉರುಳಿತು. ಅದರ ಚಾಲಕ ಅಮ್ಜದ್ ಹುಸೇನ್ ಪ್ಯಾರಾಷೂಟಿನಿಂದ ಇಳಿದು ಬದುಕಿದರು. ದೇವಯ್ಯನವರು ಮರಳಲಿಲ್ಲ. ಆಗ ಅವರ ವಯಸ್ಸು 32.

ಆ ಕಾಳಗ ಹೇಗೆ ಮುಗಿಯಿತೆಂಬುದು ನಮ್ಮ ಕಡೆಯವರಿಗೆ ಗೊತ್ತಿರಲಿಲ್ಲ. ದೇವಯ್ಯನವರು ಕಾಣೆಯಾದವರ ಸಾಲಿನಲ್ಲಿ ಉಳಿದರು. 1979ರಲ್ಲಿ ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕರು, ಪಾಕಿಸ್ತಾನದ ವಾಯುಸೇನೆ ನಡೆಸಿದ ಆ ಯುದ್ಧದ ಮೇಲೆ ಒಂದು ಗ್ರಂಥ ಪ್ರಕಟಿಸಿದರು. ಸ್ಟಾರ್‌ಫೈಟರ್ ಒಂದು ಮಿಸ್ಟೇರಿನಿಂದ ಬಿದ್ದ ಸಂಗತಿ ಅದರಲ್ಲಿತ್ತು. ಮರಳಿ ಬಂದವರಲ್ಲಿ ಯಾರೂ ಅದನ್ನು ಕೆಡವಿರಲಿಲ್ಲ. ಮರಳದೆ ಉಳಿದವರು ದೇವಯ್ಯನವರು. ಹೀಗೆ ಎಳೆಗೆ ಎಳೆ ಕೂಡಿ, 1988ರಲ್ಲಿ ಅವರಿಗೆ ಮರಣೋತ್ತರ ಮಹಾವೀರಚಕ್ರ ಸಂದಿತು. ಅದನ್ನು ಅವರ ಪತ್ನಿ ಸ್ವೀಕರಿಸಿದರು. ಅಷ್ಟರಲ್ಲಿ 23 ವರ್ಷಗಳು ಕಳೆದಿದ್ದವು.

ಈ ಶೌರ್ಯದ ಸುದ್ದಿ ನಮಗೆ ತಲುಪಿದ್ದು ಎದುರಾಳಿಯ ಕಡೆಯ ವೃತ್ತಾಂತದಿಂದ ಎಂಬುದನ್ನು ಇತಿಹಾಸದ ವಿದ್ಯಾರ್ಥಿಗಳಾದ ನಾವು ಮರೆಯಬಾರದು. ಒಂದೇ ಕಡೆಯ ಕಾಗದಪತ್ರ ನೋಡಿ ಚರಿತ್ರೆ ಮುಗಿಯಿತೆಂದುಕೊಂಡಿದ್ದರೆ ಅವರು ಇಂದಿಗೂ ಕಾಣೆಯಾದವರೇ ಆಗಿರುತ್ತಿದ್ದರು.

ಅವ್ವನ ಪ್ರಶ್ನೆಗೆ ಮಾತ್ರ ಯಾವ ಗ್ರಂಥದಲ್ಲಿಯೂ ನನಗೆ ಉತ್ತರ ದೊರೆಯಲಿಲ್ಲ. ಪದಕ ಬಂದ ವರ್ಷವನ್ನು ಹೇಳಿದೆ. ಅವಳು ಬೆರಳು ಮಡಚಿ ಎಣಿಸುತ್ತ ಕುಳಿತಳು.