ಪಂಡಿತ ಮಲ್ಲಿಕಾರ್ಜುನ ಮನ್ಸೂರ: ಶಾಸ್ತ್ರೀಯ ರಾಗ ಮತ್ತು ಜನರ ಹಾಡು

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಹಾಗೂ ಜೇವರ್ಗಿ ಭಾಗದ ಭಜನಾ ಮಂಡಳಿಗಳಿಗೆ ವಚನ ಗಾಯನವು ಹೊಸದಲ್ಲ. ಮಟಕಿಯಂತಹ ಗ್ರಾಮಗಳಲ್ಲಿ ವಚನವನ್ನು ಓದಿ ತಿಳಿದವರಿಗಿಂತ ಕೇಳಿ ತಿಳಿದವರೇ ಹೆಚ್ಚು. ಈ ಜನಪ್ರಿಯ ಗಾಯನಕ್ಕೆ ಶಾಸ್ತ್ರೀಯ ತಳಹದಿ ಒದಗಿಸಿದವರಲ್ಲಿ ಪ್ರಮುಖರಾದ ಪಂಡಿತ ಮಲ್ಲಿಕಾರ್ಜುನ ಮನ್ಸೂರ ಅವರ ಪರಿಚಯವನ್ನು ನಾಗರಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಶ್ರೀಯುತರು ಧಾರವಾಡ ಸಮೀಪದ ಮನ್ಸೂರ ಗ್ರಾಮದ ಕೃಷಿಕ ಕುಟುಂಬದಲ್ಲಿ 1910ರ ಡಿಸೆಂಬರ್ 31ರಂದು ಜನಿಸಿದರು. ಬಾಲ್ಯದಲ್ಲಿಯೇ ಅಣ್ಣ ಬಸವರಾಜರೊಂದಿಗೆ ನಾಟಕ ಕಂಪನಿಯಲ್ಲಿ ಹಾಡತೊಡಗಿದರು. ಅಪ್ಪಯ್ಯ ಸ್ವಾಮಿಗಳಲ್ಲಿ ಕರ್ನಾಟಕ ಸಂಗೀತವನ್ನೂ, ಮಿರಜದ ನೀಲಕಂಠ ಬುವಾ ಅವರಲ್ಲಿ ಗ್ವಾಲಿಯರ್ ಘರಾಣೆಯ ಹಿಂದೂಸ್ತಾನಿ ಸಂಗೀತವನ್ನೂ ಅಭ್ಯಸಿಸಿದರು.

ಮುಂದೆ ಎಚ್.ಎಂ.ವಿ. ಸಂಸ್ಥೆಗಾಗಿ ಹಾಡಿದರು, ಅಲ್ಲಿ ಸಂಗೀತ ನಿರ್ದೇಶಕರಾಗಿಯೂ ಸೇವೆ ಸಲ್ಲಿಸಿದರು. ಅಂದಿನ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಸುಮಾರು 3 ನಿಮಿಷಗಳಿಗಷ್ಟೇ ಅವಕಾಶವಿತ್ತು. ಗಂಟೆಗಟ್ಟಲೆ ವಿಸ್ತರಿಸಬಹುದಾದ ರಾಗದ ಮುಖಲಕ್ಷಣವನ್ನು ಅಷ್ಟರೊಳಗೆ ತೋರಿಸಿ ಮುಗಿಸಬೇಕು. ಚಲನಚಿತ್ರ ಗೀತೆಯ ಸಂಯೋಜಕರು ಇಂದಿಗೂ ಎದುರಿಸುವ ಸಮಸ್ಯೆ ಇದೇ ಆಗಿದೆ.

ಹೆಸರು, ಸಂಪಾದನೆ ಎರಡೂ ಕೈಗೂಡುತ್ತಿದ್ದ ಕಾಲದಲ್ಲಿ ಶ್ರೀಯುತರು ಮತ್ತೆ ಶಿಷ್ಯವೃತ್ತಿಗೆ ಇಳಿದುದು ಗಮನಾರ್ಹ. ಮುಂಬಯಿಯಲ್ಲಿ ಅಲ್ಲಾದಿಯಾ ಖಾನರ ಪುತ್ರ ಮಂಜಿ ಖಾನರಲ್ಲಿ ಜಯಪುರ-ಅತ್ರೌಲಿ ಘರಾಣೆಯ ಕ್ಲಿಷ್ಟ ಗಾಯಕಿಯನ್ನು ಮೊದಲಿನಿಂದ ಕಲಿಯತೊಡಗಿದರು. 1937ರಲ್ಲಿ ಗುರುಗಳು ನಿಧನರಾದರು. ಕಲಿಕೆಯು ಅರ್ಧಕ್ಕೇ ನಿಲ್ಲುವ ಸ್ಥಿತಿ ಒದಗಿದಾಗ ಗುರುಗಳ ಸಹೋದರ ಭುರ್ಜಿ ಖಾನರಲ್ಲಿ ಅದನ್ನು ಮುಂದುವರಿಸಿದರು.

ಈ ಪರಿಶ್ರಮದ ಫಲವು ವಚನ ಗಾಯನದಲ್ಲಿಯೂ ಕಂಡುಬರುತ್ತದೆ. ಕೀರ್ತನೆಗಿರುವಂತೆ ವಚನಕ್ಕೆ ಪಲ್ಲವಿಯಿಲ್ಲ, ನಿಯತ ತಾಳವೂ ಇಲ್ಲ. ಯಾವ ಸಾಲನ್ನು ಮರಳಿ ಹಾಡಬೇಕು, ಯಾವ ಪದದ ಮೇಲೆ ತಾಳದ ಸಮ ಬೀಳಬೇಕು ಎಂಬುದನ್ನು ಗಾಯಕರೇ ನಿರ್ಧರಿಸಬೇಕು; ತಪ್ಪಿದಲ್ಲಿ ಅರ್ಥವೇ ತುಂಡಾಗುತ್ತದೆ. ಹಾಡಲು ಕುಳಿತವರಿಗೆ ಮಾತ್ರ ಇದರ ಕಷ್ಟ ತಿಳಿದೀತು. ಅಕ್ಕಮಹಾದೇವಿ ಮೊದಲಾದ ಶರಣರ ವಚನಗಳನ್ನು ಹಾಡುವಾಗ ಶ್ರೀಯುತರು ತಮ್ಮ ಪಾಂಡಿತ್ಯವನ್ನು ಮಾತಿನ ಮೇಲೆ ಹೇರಲಿಲ್ಲ. ರಾಗವು ಮಾತಿನ ಭಾವವನ್ನು ಹಿಂಬಾಲಿಸುತ್ತಿತ್ತು. ಆದಕಾರಣ ರಾಗದ ಹೆಸರು ಅರಿಯದವರೂ ಅವರ ವಚನ ಗಾಯನವನ್ನು ಮೆಚ್ಚಿ ಕೇಳಿದರು.

ಶ್ರೀಯುತರಿಗೆ 1970ರಲ್ಲಿ ಪದ್ಮಶ್ರೀ, 1976ರಲ್ಲಿ ಪದ್ಮಭೂಷಣ, 1992ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಲಭಿಸಿದವು. ಆತ್ಮಕಥೆ ‘ನನ್ನ ರಸಯಾತ್ರೆ’ ಪ್ರಕಟವಾಗಿದೆ. 1992ರ ಸೆಪ್ಟೆಂಬರ್ 12ರಂದು ಅವರು ನಿಧನರಾದರು. ಧಾರವಾಡದಲ್ಲಿರುವ ಅವರ ನಿವಾಸ ‘ಮೃತ್ಯುಂಜಯ’ವನ್ನು ಸ್ಮಾರಕವಾಗಿ ಉಳಿಸಿಕೊಳ್ಳಲಾಗಿದೆ.